ಸತ್ತ ಎಮ್ಮೆ, ಸಿಗದ ವೈಫೈ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ಕೆಲವರಿಗೆ ಹೋದಲ್ಲೆಲ್ಲ ಜಗಳ ಸಿಗುತ್ತದೆ. ನನಗೆ ಹೋದಲ್ಲೆಲ್ಲ ವೈಫೈ ಸಿಗುತ್ತದೆ. ನೆಟ್ ಮಾತ್ರ ಸಿಗುವುದಿಲ್ಲ. ಇವೆರಡೂ ಬೇರೆ ಬೇರೆ ಎಂದು ತಿಳಿಯುವಷ್ಟರಲ್ಲಿ ನನ್ನ ತಲೆಯ ಮುಂದಿನ ಕೂದಲು ಹೋಗಿತ್ತು.

ನನ್ನದು ದನಗಳ ವಿಮೆಯ ಕೆಲಸ. ವಿಮೆ ಮಾಡಿಸಿದ ಆಕಳೋ ಎಮ್ಮೆಯೋ ಸತ್ತರೆ ಪುಣೆಯಿಂದ ಹೊರಟು ಆ ಊರಿಗೆ ಹೋಗಬೇಕು. ಸತ್ತದ್ದು ಅದೇ ದನವೋ ಬೇರೆಯದೋ ಎಂದು ಕಿವಿಯ ಬಿಲ್ಲೆಯ ನಂಬರು ನೋಡಬೇಕು, ಸುತ್ತ ತಿರುಗಿ ಫೋಟೊ ತೆಗೆಯಬೇಕು, ಅದೇ ದಿನ ಸಂಜೆಯೊಳಗೆ ಲ್ಯಾಪ್‌ಟಾಪಿನಿಂದ ರಿಪೋರ್ಟು ಕಳಿಸಬೇಕು. ಫೋನಿನಿಂದ ಕಳಿಸಲು ಬರುವುದಿಲ್ಲ, ಕಂಪನಿಯ ಸಾಫ್ಟ್‌ವೇರ್ ಇರುವುದು ಲ್ಯಾಪ್‌ಟಾಪಿನಲ್ಲಷ್ಟೇ. ಫೋನಿನ ನೆಟ್ಟನ್ನೇ ಲ್ಯಾಪ್‌ಟಾಪಿಗೆ ಕೊಡಬಹುದಲ್ಲ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ನನ್ನ ಫೋನಿಗೆ ಆ ಕೆಲಸ ಹಚ್ಚಿದರೆ ಅದು ಕಾದ ಹಂಚಿನಂತಾಗಿ, ಎರಡು ಫೋಟೊ ಹೋಗುವುದರೊಳಗೆ ಕಣ್ಣು ಮುಚ್ಚುತ್ತದೆ. ಬೇರೆ ಫೋನು ಕೊಡಿಸಿ ಎಂದು ಕೇಳಿದಾಗ ನಮ್ಮ ಮ್ಯಾನೇಜರ್ ಸಾಹೇಬರು, "ಈಗ ಎಲ್ಲಾ ಕಡೆ ಫ್ರೀ ವೈಫೈ ಇದೆಯಲ್ಲ" ಎಂದರು. ಇತ್ತೀಚೆಗೆ ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ರಿಪೋರ್ಟು ಹೀಗೇ ತಡವಾಗುತ್ತಿದ್ದರೆ ನನ್ನ ಕಾಂಟ್ರಾಕ್ಟು ಮುಂದುವರಿಯುವುದು ಕಷ್ಟ.

ಹೀಗಾಗಿ ಸತ್ತ ದನದ ಫೋಟೊ ಹೆಗಲಿಗೆ ಹಾಕಿಕೊಂಡು ಫ್ರೀ ವೈಫೈ ಹುಡುಕುತ್ತ ಅಲೆಯುವುದು ನನ್ನ ಹಣೆಬರಹ. ಅದರಲ್ಲಿ ಕೆಲವು ಪ್ರಸಂಗಗಳನ್ನು ಹೇಳುತ್ತೇನೆ. ಆಗ ನನಗೆ ನಗು ಬಂದಿರಲಿಲ್ಲ. ಈಗಲೂ ಪೂರ್ತಿ ಬರುತ್ತಿಲ್ಲ.

ಬೋರ್ಡಿನಲ್ಲಿ ಉಳಿದ ಜಾಗ

ಇಂದಾಪುರದ ಆಚೆ ಹೊಲಗಳ ನಡುವಿನ ಒಂದು ವಸ್ತಿಯಲ್ಲಿ ಆಕಳೊಂದನ್ನು ನೋಡಿಕೊಂಡು ಸೋಲಾಪುರ ಹೈವೇಗೆ ಬಂದೆ. ಎದುರಿಗೇ ಒಂದು ಧಾಬಾ. ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ 'ಶುದ್ಧ ಶಾಕಾಹಾರಿ', ಅದರ ಕೆಳಗೆ ನೀಲಿ ಅಕ್ಷರದಲ್ಲಿ 'ಫ್ರೀ ವೈಫೈ'. ಮರುಭೂಮಿಯಲ್ಲಿ ನೀರು ಕಂಡವನಂತೆ ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಒಂದು ನೆಟ್‌ವರ್ಕಿನ ಹೆಸರು ಕಂಡಿತು, ಪಕ್ಕದಲ್ಲಿ ಬೀಗದ ಗುರುತು.

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಮಾಲೀಕರನ್ನು ಪಾಸ್‌ವರ್ಡ್ ಕೇಳಿದೆ. "ಮೊದಲು ಊಟ ಮಾಡಿ, ಆಮೇಲೆ ನೋಡೋಣ" ಎಂದರು ಮರಾಠಿಯಲ್ಲಿ. ಊಟ ಮಾಡಿದೆ. ಹಸಿವಿರಲಿಲ್ಲ, ಬೇಸಿಗೆಯಲ್ಲಿ ಸತ್ತ ಆಕಳನ್ನು ಹತ್ತಿರದಿಂದ ನೋಡಿ ಬಂದವನಿಗೆ ಬದನೆಕಾಯಿ ಪಲ್ಯ ಹೇಗೆ ಇಳಿದೀತು. ಆದರೂ ಇಳಿಸಿದೆ. ಮತ್ತೆ ಕೇಳಿದೆ. ಅವರು ಅಡಿಗೆಯವನನ್ನು ಕೇಳಿದರು, ಅಡಿಗೆಯವನು ಪಾತ್ರೆ ತೊಳೆಯುವವಳನ್ನು ಕೇಳಿದ, ಆಕೆ ನನ್ನನ್ನು ನೋಡಿದಳು. ಕೊನೆಗೆ ಮಾಲೀಕರು ನಿಜ ಹೇಳಿದರು.

"ನಮ್ಮಲ್ಲಿ ವೈಫೈ ಇಲ್ಲ. ನಿಮಗೆ ಕಾಣುತ್ತಿರುವುದು ಎದುರಿನ ಟೈರ್ ಅಂಗಡಿಯವನದು."

"ಮತ್ತೆ ಬೋರ್ಡಿನಲ್ಲಿ ಬರೆಸಿದ್ದೀರಲ್ಲ?"

"ನಾನು ಬರೆಸಿಲ್ಲ. ಬೋರ್ಡಿನಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಪೇಂಟರ್ ಬರೆದುಬಿಟ್ಟ. ನೋಡಲಿಕ್ಕೆ ಚೆನ್ನಾಗಿದೆ ಅಂತ ನಾನೂ ಸುಮ್ಮನಾದೆ."

ಹೈವೇ ದಾಟಿ ಟೈರ್ ಅಂಗಡಿಗೆ ಹೋದೆ. ಅಂಗಡಿಯಾತ ಟ್ಯೂಬಿನ ತೂತು ಹುಡುಕುತ್ತಿದ್ದ. ಅರ್ಧ ತಾಸಿನ ಮಟ್ಟಿಗೆ ಪಾಸ್‌ವರ್ಡ್ ಕೊಡಿ, ನನ್ನ ನೌಕರಿಯ ಪ್ರಶ್ನೆ ಎಂದು ಕೈಮುಗಿದೆ. ಆತ ತಲೆ ಎತ್ತಿ ನನ್ನನ್ನು ನೋಡಿದ, ರಸ್ತೆಯಾಚೆಯ ಧಾಬಾ ನೋಡಿದ.

"ಊಟ ಅಲ್ಲಿ ಮಾಡಿ, ಕೈ ಇಲ್ಲಿ ತೊಳೆಯಲಿಕ್ಕೆ ಬಂದಿರೇನು?" ಎಂದು ಮತ್ತೆ ಟ್ಯೂಬು ನೀರಿನಲ್ಲಿ ಅದ್ದಿದ.

ಕಳ್ಳನೋ ಗಂಡನೋ

ಕುರಕುಂಭದ ಹತ್ತಿರ ಒಂದು ಎಮ್ಮೆ ನೋಡಿಕೊಂಡು ದೌಂಡ್ ಸ್ಟೇಷನ್ನಿಗೆ ಬಂದಿದ್ದೆ. ಫೋಟೊ ತೆಗೆದು ತೆಗೆದು, ಅವನ್ನು ಲ್ಯಾಪ್‌ಟಾಪಿಗೆ ಇಳಿಸುವಷ್ಟರಲ್ಲಿ ಫೋನಿನ ಬ್ಯಾಟರಿ ಸತ್ತಿತ್ತು. ಸ್ಟೇಷನ್ನಿನ ವೈಫೈ ಚೆನ್ನಾಗಿಯೇ ಬಂತು. ಆದರೆ ಒಳಗೆ ಬಿಡಬೇಕಾದರೆ ಒಂದು ಮೊಬೈಲ್ ನಂಬರು ಕೊಡಬೇಕು, ಅದಕ್ಕೆ ಬಂದ ಒಟಿಪಿ ಹಾಕಬೇಕು. ನನ್ನ ಫೋನು ಸತ್ತಿರುವುದರಿಂದ ಹೆಂಡತಿಯ ನಂಬರು ಹಾಕಿದೆ. ನನಗೆ ಬಾಯಿಪಾಠ ಬರುವ ನಂಬರು ಅದೊಂದೇ. ಪಕ್ಕದಲ್ಲಿ ಕೂತಿದ್ದ ಪ್ರಯಾಣಿಕರೊಬ್ಬರ ಫೋನು ಬೇಡಿಕೊಂಡು ಮನೆಗೆ ಹಚ್ಚಿದೆ.

"ಹಲೋ, ನಾನು."

"ನಾನು ಅಂದ್ರ ಯಾರು?"

"ನಿನ್ನ ಗಂಡ. ಈಗ ನಿನ್ನ ಫೋನಿಗೆ ಒಂದು ಒಟಿಪಿ ಬಂದದ ನೋಡು. ಲಗೂನ ಹೇಳು."

ಅವಳು ತಣ್ಣಗೆ ಹೇಳಿದಳು: "ಹಿಂಗ ಫೋನ್ ಬರ್ತದ ಅಂತ ನನಗ ಗೊತ್ತಿತ್ತು."

ಹಿಂದಿನ ವಾರವಷ್ಟೇ ಅವಳ ಮಹಿಳಾ ಮಂಡಳದಲ್ಲಿ ಬ್ಯಾಂಕಿನವರು ಬಂದು ಭಾಷಣ ಮಾಡಿ ಹೋಗಿದ್ದರಂತೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ, ನಿಮ್ಮವರೇ ಅನ್ನುತ್ತಾರೆ, ಗಡಿಬಿಡಿ ಮಾಡುತ್ತಾರೆ, ಒಟಿಪಿ ಕೇಳುತ್ತಾರೆ, ಯಾರಿಗೂ ಹೇಳಬೇಡಿ ಎಂದು. ನಾನು ಆ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಮಾಡಿದ್ದೆ.

"ನನ್ನ ಧ್ವನಿ ಗುರುತು ಸಿಗಲಿಲ್ಲೇನು?"

"ಧ್ವನಿನೂ ಈಗ ಕಂಪ್ಯೂಟರಿನ್ಯಾಗ ಮಾಡ್ತಾರಂತ. ಮುಂಜಾನೆ ಏನ್ ತಿಂದು ಹೋದ್ರಿ, ಹೇಳ್ರಿ."

"ಉಪ್ಪಿಟ್ಟು."

"ಅದನ್ನ ಎಲ್ಲಾರೂ ತಿಂತಾರ. ನಮ್ಮ ಲಗ್ನದ ತಾರೀಖು ಹೇಳ್ರಿ."

ಲ್ಯಾಪ್‌ಟಾಪಿನ ಪರದೆಯ ಮೇಲೆ ಒಟಿಪಿಯ ಅವಧಿ ಕರಗುತ್ತಿತ್ತು. ಗಾಡಿ ಬರುವ ಘೋಷಣೆ ಶುರುವಾಯಿತು. ಫೋನು ಕೊಟ್ಟವರು ಬ್ಯಾಗು ಹೆಗಲಿಗೇರಿಸಿ ನನ್ನನ್ನೇ ನೋಡುತ್ತಿದ್ದರು. ಲಗ್ನದ ಊಟಕ್ಕೆ ಮಾವಿನಹಣ್ಣಿನ ಸೀಕರಣೆ ಮಾಡಿದ್ದರೆಂಬುದು ನೆನಪಿತ್ತು. ಹಾಗಾದರೆ ಮೇ ತಿಂಗಳು.

"ಮೇ ಹನ್ನೆರಡು," ಎಂದೆ. "ಅಲ್ಲ, ಇಪ್ಪತ್ತೊಂದು." ಬೆರಳು ಎಣಿಸಿದೆ. "ಹದಿನಾಲ್ಕು ಇರಬೇಕು." ಅಷ್ಟರಲ್ಲಿ ಪರದೆಯ ಮೇಲೆ ಅವಧಿ ಮುಗಿಯಿತು ಎಂದು ಬಂತು. "ಬಿಡು, ಈಗ ಹೇಳಿದ್ರೂ ಉಪಯೋಗ ಇಲ್ಲ" ಎಂದೆ.

ಅವಳ ಧ್ವನಿ ಮೆತ್ತಗಾಯಿತು. "ಬರಕೋರಿ, ಹೇಳ್ತೀನಿ. ನೀವ ಅದೀರಿ. ಕಳ್ಳ ಆಗಿದ್ರ ತಾರೀಖು ತಿಳಕೊಂಡು ಫೋನ್ ಮಾಡ್ತಿದ್ದ."

ವಿಮಾನ

ಇದು ಸಣ್ಣದು. ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದರೆ ಒಂದು ನೆಟ್‌ವರ್ಕೂ ಕಾಣಲಿಲ್ಲ. ಪಕ್ಕದ ಹುಡುಗರೆಲ್ಲ ಅಲ್ಲೇ ಕುಳಿತು ಸಿನಿಮಾ ನೋಡುತ್ತಿದ್ದರು. ಹಿಂದಿನ ದಿನವೂ ಹೀಗೇ ಆಗಿತ್ತು. ಎರಡು ಹೋಟೆಲಿನವರನ್ನು ನಿಮ್ಮ ವೈಫೈ ಕೆಟ್ಟಿದೆ ಎಂದು ಬೈದು ಬಂದಿದ್ದೆ.

ನಮ್ಮ ಮೇಲಿನ ಮನೆಯಲ್ಲಿ ಮಂಡ್ಯದ ಕಡೆಯ ಹುಡುಗಿಯೊಬ್ಬಳಿದ್ದಾಳೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಒಳ್ಳೆಯ ಹುಡುಗಿ. ಅವಳಿಗೆ ಫೋನ್ ಮಾಡಿದೆ.

"ಅಂಕಲ್, ರೀಸ್ಟಾರ್ಟ್ ಮಾಡಿದ್ರಾ?"

"ಮಾಡೀನವಾ. ಮತ್ತ ಮತ್ತ ಮಾಡೀನಿ."

"ಸರಿ, ಸ್ಕ್ರೀನ್‌ನಲ್ಲಿ ಬಲಗಡೆ ಕೆಳಗೆ ನೋಡಿ. ಪ್ಲೇನ್ ತರ ಏನಾದ್ರೂ ಕಾಣ್ತಿದ್ಯಾ?"

"ಕಾಣಸ್ತದ. ಸಣ್ಣ ವಿಮಾನ."

"ಅದೇ ಪ್ರಾಬ್ಲಮ್ ಅಂಕಲ್. ನೀವು ಏರೋಪ್ಲೇನ್ ಮೋಡ್‌ನಲ್ಲಿದ್ದೀರ."

"ಇಲ್ಲವಾ, ನಾ ಶಿವಾಜಿನಗರ ಬಸ್ ಸ್ಟ್ಯಾಂಡಿನ್ಯಾಗ ಅದೀನಿ."

ಫೋನು ಕೆಲಹೊತ್ತು ಪೂರ್ತಿ ಮೌನವಾಯಿತು. ಅವಳು ಮ್ಯೂಟ್ ಮಾಡಿದ್ದಳೆಂದು ನನಗೆ ಆಮೇಲೆ ಹೊಳೆಯಿತು. ಮತ್ತೆ ಬಂದಾಗ ಧ್ವನಿ ಸ್ವಲ್ಪ ನಡುಗುತ್ತಿತ್ತು. ವಿಮಾನದ ಚಿತ್ರವಿರುವ ಕೀಲಿಯೊಂದು ಮೇಲಿನ ಸಾಲಿನಲ್ಲಿದೆ, ಅದನ್ನು ಒತ್ತಿ ಎಂದಳು. ಒತ್ತಿದೆ. ಪುಣೆಯ ವೈಫೈಗಳೆಲ್ಲ ಒಮ್ಮೆಲೇ ಪರದೆಯ ಮೇಲೆ ಸಾಲಾಗಿ ನಿಂತವು. ಅಷ್ಟರಲ್ಲಿ ಆಫೀಸು ಮುಚ್ಚುವ ಹೊತ್ತಾಗಿತ್ತು.

ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುತ್ತಿದ್ದಂತೆ ಹೆಂಡತಿ ಕೇಳಿದಳು: "ನನಗ ಹೇಳದ ಎಲ್ಲಿ ಹೋಗಿದ್ರಿ? ಮ್ಯಾಲಿನ ಮನಿ ಹುಡುಗಿ ಈಗ ಬಂದು, ಅಂಕಲ್ ಲ್ಯಾಂಡ್ ಆದ್ರಾ ಅಂತ ಕೇಳಿ ಹೋದ್ಲು."

ನಗಲೇಬೇಕಾದ ಬೆಂಚು

ಶಿವಾಜಿನಗರದಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಉದ್ಯಾನವಿದೆ. ಅಲ್ಲಿ ಫ್ರೀ ವೈಫೈ ಉಂಟು, ಆದರೆ ಬರುವುದು ಒಂದೇ ಒಂದು ಬೆಂಚಿನ ಮೇಲೆ. ಅದನ್ನು ಕಂಡುಹಿಡಿಯಲು ನಾನು ಲ್ಯಾಪ್‌ಟಾಪನ್ನು ದೇವರ ಮೂರ್ತಿಯಂತೆ ಎರಡೂ ಕೈಯಲ್ಲಿ ಹಿಡಿದು ಇಡೀ ಉದ್ಯಾನಕ್ಕೆ ಪ್ರದಕ್ಷಿಣೆ ಹಾಕಿದ್ದೆ. ಒಬ್ಬ ಅಜ್ಜಿ ದಾರಿ ಬಿಟ್ಟು ಕೈಮುಗಿದಿದ್ದಳು.

ಒಂದು ದಿನ ಸಂಜೆ ಬೆಂಚು ಖಾಲಿ ಇತ್ತು. ಕುಳಿತೆ, ಕನೆಕ್ಟಾಯಿತು, ಫೋಟೊಗಳು ಒಂದೊಂದಾಗಿ ಹೋಗತೊಡಗಿದವು. ಅಷ್ಟರಲ್ಲಿ ನಿವೃತ್ತರ ದಂಡೊಂದು ಬಂದು ನನ್ನ ಸುತ್ತ ವರ್ತುಲವಾಗಿ ನಿಂತಿತು. ಅದು ಅವರ ಹಾಸ್ಯ ಕ್ಲಬ್ಬಿನ ಜಾಗವಂತೆ. ಬಿಳಿ ಬೂಟು ಹಾಕಿದ ಮುಖ್ಯಸ್ಥರು ಚಪ್ಪಾಳೆ ತಟ್ಟಿದರು. ಎಲ್ಲರೂ ಆಕಾಶಕ್ಕೆ ಕೈ ಎತ್ತಿ ಹಾ ಹಾ ಹಾ ಎಂದರು. ನನ್ನ ಪರದೆಯ ಮೇಲೆ 'ಅಪ್‌ಲೋಡ್ ವಿಫಲ' ಎಂದು ಬಂತು.

ಮತ್ತೆ ಒತ್ತಿದೆ. ಮತ್ತೆ ವಿಫಲ, ಮತ್ತೆ ಹಾ ಹಾ ಹಾ. ತಲೆಯ ಮೇಲೆ ಕೈ ಹೊತ್ತು ಕುಳಿತೆ. ಮುಖ್ಯಸ್ಥರು ನಗು ನಿಲ್ಲಿಸಿ ನನ್ನ ಹತ್ತಿರ ಬಂದರು.

"ಸಾಹೇಬರೇ, ನಡುವೆ ಒಬ್ಬರು ಹೀಗೆ ಮುಖ ಮಾಡಿಕೊಂಡು ಕೂತರೆ ನಮ್ಮವರಿಗೆ ನಗು ಬರುವುದಿಲ್ಲ. ಒಂದೋ ಏಳಿ, ಇಲ್ಲಾ ನಗಿ."

ಎದ್ದರೆ ವೈಫೈ ಹೋಗುತ್ತದೆ. ವೈಫೈ ಹೋದರೆ ರಿಪೋರ್ಟು, ರಿಪೋರ್ಟು ಹೋದರೆ ನೌಕರಿ. ನಕ್ಕೆ. ತೊಡೆಯ ಮೇಲೆ ಸತ್ತ ಹೋರಿಯ ಫೋಟೊ ಇಟ್ಟುಕೊಂಡು, ಒಂದು ಕೈ ಕೀಲಿಯ ಮೇಲೆ, ಇನ್ನೊಂದು ಆಕಾಶಕ್ಕೆ ಎತ್ತಿ ಹಾ ಹಾ ಹಾ ಎಂದೆ. ಸಾಲದು, ಹೊಟ್ಟೆಯಿಂದ ಬರಬೇಕು ಎಂದರು. ಹೊಟ್ಟೆಯಿಂದ ತಂದೆ. ಕಣ್ಣಲ್ಲಿ ನೀರು ಬಂತು. ಅದು ನಗುವಿನ ನೀರೆಂದು ಭಾವಿಸಿ ಅವರೆಲ್ಲ ಚಪ್ಪಾಳೆ ತಟ್ಟಿದರು.

ಆಗಲೇ ಫೋನು ಬಂತು, ಮ್ಯಾನೇಜರ್ ಸಾಹೇಬರದು. ಎತ್ತಿದೆ. ಸುತ್ತ ನಗು ಮುಗಿಲು ಮುಟ್ಟಿತ್ತು.

"ರಿಪೋರ್ಟ್ ಯಾಕೆ ಬಂದಿಲ್ಲ?"

"ಸರ್, ಭಾಳ ತೊಂದರೆಯಲ್ಲಿದ್ದೇನೆ."

ಅವರು ಸ್ವಲ್ಪ ಹೊತ್ತು ಆ ಸದ್ದನ್ನೆಲ್ಲ ಕೇಳಿಸಿಕೊಂಡು ಹೇಳಿದರು: "ಅದು ಗೊತ್ತಾಗುತ್ತಿದೆ. ತೊಂದರೆ ಮುಗಿದ ಮೇಲೆ ನಿಮ್ಮ ದೋಸ್ತರ ಜೊತೆ ಚಹಾ ಕುಡಿದು ಆರಾಮವಾಗಿ ಕಳಿಸಿ."

ಎರಡು ಕುಟುಂಬ, ಒಂದು ಎಮ್ಮೆ

ದನಗಳಿಗೆ ರವಿವಾರ ಗೊತ್ತಿಲ್ಲ. ನಮ್ಮ ಮ್ಯಾನೇಜರ್ ಸಾಹೇಬರಿಗೂ ಗೊತ್ತಿಲ್ಲ. ಮನೆಯಲ್ಲಿ ಕುಳಿತು ರಿಪೋರ್ಟಿನ ದಾರಿ ಕಾಯುತ್ತಾರೆ. ಅಂಥ ಒಂದು ರವಿವಾರ ಮಧ್ಯಾಹ್ನ ಶಿವಾಜಿನಗರದ ಒಂದು ಕೆಫೆಗೆ ಹೊಕ್ಕೆ. ಇದೊಂದು ತಪ್ಪಿದರೆ ಸೋಮವಾರ ಬಂದು ಭೇಟಿಯಾಗಿ ಎಂದು ಅವರ ಮೆಸೇಜು ಆಗಲೇ ಬಂದಿತ್ತು.

ಪಕ್ಕದ ಟೇಬಲ್ಲಿನಲ್ಲಿ ಎರಡು ಕುಟುಂಬಗಳಿದ್ದವು. ಮಾತು ಕಿವಿಗೆ ಬಿದ್ದಾಗ ನಮ್ಮ ವಿಜಾಪುರದ ಕಡೆಯವರೇ ಎಂದು ತಿಳಿಯಿತು. ಹೆಣ್ಣು ನೋಡುವ ಕಾರ್ಯಕ್ರಮ. ಪುಣೆಯಲ್ಲಿ ಈಗ ಮನೆಯ ಬದಲು ಕೆಫೆಯಲ್ಲೇ ನೋಡಿ ಮುಗಿಸುತ್ತಾರೆ. ಹುಡುಗ ಕೋಟು ಹಾಕಿಕೊಂಡು ಬಂದಿದ್ದ. ಹುಡುಗಿ ಕೋಲ್ಡ್ ಕಾಫಿಯಲ್ಲಿ ಚಮಚ ಆಡಿಸುತ್ತ ಸುಮ್ಮನೆ ಕುಳಿತಿದ್ದಳು. ಮಾತೆಲ್ಲ ಹುಡುಗನ ತಾಯಿಯದೇ.

"ನಮ್ಮ ಹುಡುಗ ಭಾಳ ಸೂಕ್ಷ್ಮ ಅದಾನ್ರಿ. ಒಂದು ಇರುವಿ ಸತ್ತರೂ ಅವತ್ತು ಊಟ ಬಿಡ್ತಾನ."

ಅವರ ಎದುರಿನ ಗೋಡೆಗೆ ಒಂದು ದೊಡ್ಡ ಟಿವಿ, ಅದರಲ್ಲಿ ಸದ್ದಿಲ್ಲದೆ ಒಂದು ಜಲಪಾತ ಬೀಳುತ್ತಿತ್ತು.

ನಾನು ನನ್ನ ಕೆಲಸಕ್ಕೆ ತೊಡಗಿದೆ. ಕೆಫೆಯ ಹೆಸರಿನ ನೆಟ್‌ವರ್ಕು ಹಾಕಿದೆ, ಆಗಲಿಲ್ಲ. ತೆಗೆದು ಮತ್ತೆ ಹಾಕಿದೆ, ಆಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ತೆರೆದೆ, ದೇವರನ್ನು ನೆನೆದೆ. ಅಲ್ಲಿ ಇಲ್ಲಿ ಒತ್ತುವಾಗ 'ಕನೆಕ್ಟ್' ಎಂಬ ಇನ್ನೊಂದು ಗುಂಡಿ ಕಂಡಿತು. ಅದನ್ನು ಒತ್ತಿದರೆ ಅಲ್ಲೂ ಕೆಫೆಯ ಹೆಸರು. ಅದನ್ನೂ ಒತ್ತಿದೆ. ಒಂದು ಕ್ಷಣ ತಿರುಗಿ, 'ಕನೆಕ್ಟೆಡ್' ಎಂದು ಬಂತು. ಆ ಶಬ್ದ ನೋಡಿ ಎಷ್ಟು ದಿನವಾಗಿತ್ತೋ. ಸಂತೋಷದಿಂದ ಆ ದಿನದ ಎಮ್ಮೆಯ ಫೋಟೊ ತೆರೆದೆ.

ಪಕ್ಕದ ಟೇಬಲ್ಲಿನಲ್ಲಿ ಚಮಚವೊಂದು ನೆಲಕ್ಕೆ ಬಿತ್ತು. ತಲೆ ಎತ್ತಿದೆ. ಜಲಪಾತದ ಜಾಗದಲ್ಲಿ ಗೋಡೆಯಷ್ಟಗಲ ನನ್ನ ಎಮ್ಮೆ ಮಲಗಿತ್ತು. ಹೊಟ್ಟೆ ಉಬ್ಬಿ, ಕಾಲು ಸೆಟೆದು, ನಾಲಿಗೆ ಹೊರಗೆ ಬಿದ್ದು. ಲ್ಯಾಪ್‌ಟಾಪು ಕೂಡಿಕೊಂಡದ್ದು ವೈಫೈಗಲ್ಲ, ಟಿವಿಗೆ.

ಗಾಬರಿಯಲ್ಲಿ ಸಿಕ್ಕಿದ ಕೀಲಿ ಒತ್ತಿದೆ. ಮುಂದಿನ ಫೋಟೊ ಬಂತು: ಬಿಲ್ಲೆ ಕಾಣುವಂತೆ ಎಳೆದು ಹಿಡಿದ ಕಿವಿ. ಮತ್ತೊಂದು ಒತ್ತಿದೆ: ತೆರೆದ ಕಣ್ಣು, ಅದರ ಸುತ್ತ ನೊಣ. "ಶಿವ ಶಿವ" ಎಂದರು ಹುಡುಗನ ತಾಯಿ. ಹುಡುಗ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಟಾಯ್ಲೆಟ್ಟಿಗೆ ಓಡಿದ. 'ಡಿಸ್‌ಕನೆಕ್ಟ್' ಒತ್ತಿದೆ, ಅದು ತಿರುಗುತ್ತಲೇ ಇತ್ತು. ಜನ್ಮದಲ್ಲಿ ಎಲ್ಲೂ ಕನೆಕ್ಟಾಗದ ಲ್ಯಾಪ್‌ಟಾಪು ಈಗ ಬಿಡಲು ಒಲ್ಲದು. ಮುಚ್ಚಳವನ್ನೇ ಮುಚ್ಚಿದೆ. ಟಿವಿಯ ಮೇಲೆ ಆ ಕಣ್ಣು ಹಾಗೇ ನಿಂತಿತು. ವೇಟರ್ ರಿಮೋಟು ಹುಡುಕಿ ಸಿಗದೆ, ಕುರ್ಚಿ ಹತ್ತಿ ಪ್ಲಗ್ಗು ಕಿತ್ತ.

ನಾನು ಎದ್ದು ಕೈಮುಗಿದೆ. "ತಪ್ಪಾತ್ರಿ. ನೆಟ್ ಹಚ್ಚಲಿಕ್ಕೆ ಹೋದೆ. ನಂದು ದನದ ವಿಮಾ ಕೆಲಸ."

ಹುಡುಗನ ತಾಯಿ ಪರ್ಸು ಎತ್ತಿಕೊಂಡು ನಿಂತಾಗಿತ್ತು. ಆದರೆ ಹುಡುಗಿಯ ತಂದೆ ನನ್ನ ಕಡೆ ತಿರುಗಿ ಕುಳಿತರು.

"ಎಮ್ಮಿ ಮುರ್ರಾ ಜಾತಿದೇನ್ರಿ?"

"ಹೌದ್ರಿ."

"ಏನಾಗಿ ಸತ್ತತು?"

"ಹಾವು ಕಡದದ್ರಿ."

"ಪಾಪ. ಹಾಲು ಭಾಳ ಕೊಡ್ತಿತ್ತೇನು?"

ಅವರ ಹೆಂಡತಿ ಅವರ ತೋಳು ಜಗ್ಗಿದರು. ಅಷ್ಟರಲ್ಲಿ ಹುಡುಗ ಬಿಳಿಚಿದ ಮುಖ ಮಾಡಿಕೊಂಡು ಹೊರಗೆ ಬಂದ. "ಇಂಥಾ ಅಪಶಕುನ ಆದ ಮ್ಯಾಲೆ ಮುಂದಿನ ಮಾತು ಬ್ಯಾಡ್ರಿ" ಎಂದು ಅವನ ತಾಯಿ ಮಗನ ಬೆನ್ನು ಸವರುತ್ತ ಬಾಗಿಲ ಕಡೆ ನಡೆದರು. ಹುಡುಗಿಯ ತಂದೆತಾಯಿ "ಕೂಡ್ರಿ, ಕೂಡ್ರಿ" ಎನ್ನುತ್ತ ಅವರ ಹಿಂದೆ ಓಡಿದರು.

ಕೆಫೆಯ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ರಿಪೋರ್ಟು ಹೋಗಿರಲಿಲ್ಲ. ನಾಳೆ ಸಾಹೇಬರ ಎದುರು ನಿಲ್ಲಬೇಕು. ಅದರ ಮೇಲೆ ಏನೂ ತಪ್ಪು ಮಾಡದ ಒಂದು ಹುಡುಗಿಯ ಲಗ್ನ ಮುರಿದಿದ್ದೆ. ಸತ್ತ ದನ ನೋಡುವಾಗಲೂ ನನಗೆ ಅಷ್ಟು ಕೆಟ್ಟದೆನಿಸಿರಲಿಲ್ಲ. ಮುಖ ಮುಚ್ಚಿಕೊಂಡು ಕುಳಿತೆ.

ಎದುರಿಗೆ ಯಾರೋ ಬಂದು ನಿಂತಂತಾಯಿತು. ಆ ಹುಡುಗಿಯೇ. ಕುರ್ಚಿಯ ಮೇಲೆ ಬಿಟ್ಟುಹೋಗಿದ್ದ ಛತ್ರಿ ತೆಗೆದುಕೊಳ್ಳಲು ಬಂದಿದ್ದಳು. ಏನು ಬೈದರೂ ಬೈಸಿಕೊಳ್ಳಬೇಕೆಂದು ಎದ್ದು ನಿಂತೆ. "ತಂಗಿ, ನನ್ನಿಂದ ನಿನಗ..." ಎಂದು ಶುರು ಮಾಡಿದೆ.

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಕಾಕಾ, ಮುಂದಿನ ರವಿವಾರ ಇನ್ನೊಬ್ಬರು ನೋಡಲಿಕ್ಕೆ ಬರೋರಿದ್ದಾರ. ಇಲ್ಲೇ, ಇದೇ ಹೊತ್ತಿಗೆ. ನೀವು ಲ್ಯಾಪ್‌ಟಾಪ್ ತಗೊಂಡು ಬರ್ತೀರೇನ್ರಿ?"